ಧೂಮಪಾನತ್ಯಾಗದ ಕ್ರಮ



ಬೀಡಿ ಸಿಗರೇಟುಗಳನ್ನು ಸೇದಬಾರದೆಂಬ ಉಪದೇಶವು ಯಾರಿಗೂ ಹೊಸದಲ್ಲ. ಸೇದುವವನಿಗೆ ಅದು ಎಲ್ಲರಿಗಿಂತಲೂ ಹೆಚ್ಚಾಗಿ ಗೊತ್ತು. ಏಕೆಂದರೆ ಬೆಳಗಿನ ಕೆಮ್ಮು, ಮೆಟ್ಟಿಲೇರುವಾಗಿನ ಏದುಸಿರು, ಮನೆಯವರ ಮೋರೆಯ ಮೇಲಿನ ಬೇಸರ, ಇವು ಮೂರೂ ಆತನಿಗೆ ದಿನಾಲು ಅದನ್ನೇ ಬೋಧಿಸುತ್ತಿರುವವು. ಬಿಡಬೇಕೆಂದು ಹೇಳುವವರು ಊರ ತುಂಬ ಇದ್ದಾರೆ. ಬಿಡುವ ಬಗೆ ಯಾವದು, ಬಿಟ್ಟ ಮರುದಿನ ದೇಹದಲ್ಲಿ ಏನಾಗುವದು, ಯಾವ ಯಾವ ಎಚ್ಚರಿಕೆಗಳು ಬೇಕು ಎಂಬದನ್ನು ಹೇಳುವವರು ಮಾತ್ರ ವಿರಳ. ಹಲವು ವರುಷ ಬಲವಾಗಿ ಸೇದಿದವನು ಅದನ್ನು ಅಪಾಯವಿಲ್ಲದೆ ಬಿಡುವದು ಹೇಗೆಂಬ ಈ ಒಂದೇ ವಿಷಯವನ್ನು ಇಲ್ಲಿ ವಿಚಾರಕ್ಕೆ ತೆಗೆದುಕೊಳ್ಳಲಾಗಿದೆ.

ಮೊದಲು ಒಂದು ಭ್ರಾಂತಿಯನ್ನು ಕಳೆಯಬೇಕು. ಧೂಮಪಾನವು ಚರಕ ಸುಶ್ರುತರಲ್ಲಿಯೂ ಹೇಳಿದೆಯಲ್ಲ, ಹೀಗಿರಲಾಗಿ ಅದರಲ್ಲಿ ದೋಷವೇನೆಂದು ವಾದಿಸುವವರುಂಟು. ಆ ಗ್ರಂಥಗಳಲ್ಲಿ ಧೂಮಪಾನವು ಹೇಳಿರುವದು ನಿಜ. ಆದರೆ ಅದು ಔಷಧಿದ್ರವ್ಯಗಳನ್ನು ಅರೆದು ಮಾಡಿದ ವರ್ತಿಯ ಹೊಗೆ. ಕಾಲ, ರೋಗ, ಪ್ರಮಾಣ ಇವುಗಳನ್ನು ನೋಡಿ ವೈದ್ಯನು ಕೊಡತಕ್ಕ ಚಿಕಿತ್ಸೆ. ತಂಬಾಕಿನ ಹೆಸರೂ ಆ ಆಚಾರ್ಯರ ಕಿವಿಗೆ ಬಿದ್ದಿರಲಿಲ್ಲ. ಅಮೇರಿಕಾ ಖಂಡದ ಈ ಗಿಡವು ಪೋರ್ತುಗೀಜರ ಹಡಗುಗಳ ಮೂಲಕವಾಗಿ ಪಶ್ಚಿಮ ಸಮುದ್ರದ ದಂಡೆಗೆ ಬಂದಿಳಿದದ್ದು ಹದಿನಾರನೆಯ ಶತಮಾನದಲ್ಲಿ.

ಅದು ಉತ್ತರ ಹಿಂದುಸ್ಥಾನದ ಅರಮನೆಯನ್ನು ಹೊಕ್ಕ ವೃತ್ತಾಂತವಂತೂ ಕನ್ನಡ ನಾಡಿಗೇ ಸಂಬಂಧಪಟ್ಟದ್ದು. ಅಕಬರ ಬಾದಶಹನ ಕಡೆಯಿಂದ ವಿಜಾಪುರಕ್ಕೆ ಬಂದಿದ್ದ ಅಸದ್ ಬೇಗನೆಂಬವನು ಅಲ್ಲಿ ತಂಬಾಕನ್ನು ಕಂಡು, ೧೬೦೪-೦೫ರ ಸುಮಾರಿಗೆ ಹಿಂದಿರುಗುವಾಗ ಅದನ್ನೂ ರತ್ನಖಚಿತವಾದ ಒಂದು ನಳಿಗೆಯನ್ನೂ ಬಾದಶಹನಿಗೆ ಕಾಣಿಕೆಯಾಗಿ ಒಯ್ದನು. ಬಾದಶಹನು ಒಂದೆರಡು ಸಲ ಎಳೆದು ನೋಡಿದನು. ಆಸ್ಥಾನದ ವೈದ್ಯನು ಇದು ನಮ್ಮ ಗ್ರಂಥಗಳಲ್ಲಿ ಪರೀಕ್ಷಿತವಾಗದ ವಸ್ತುವೆಂದು ಹೇಳಿ ತಡೆದನು. ಬಾದಶಹನು ಆ ಮಾತಿಗೆ ಮನ್ನಣೆ ಕೊಟ್ಟು ಅದರ ಗೋಜಿಗೆ ಹೋಗಲಿಲ್ಲ. ಆದರೆ ಸುತ್ತಲಿನ ಸರದಾರರು ಬಿಡಲಿಲ್ಲ. ಒಬ್ಬೊಬ್ಬರಾಗಿ ಬೇಡಿ ಪಡೆದರು. ವ್ಯಾಪಾರಿಗಳು ತರಿಸಿ ಮಾರತೊಡಗಿದರು. ಹತ್ತು ಹನ್ನೆರಡು ವರುಷಗಳೊಳಗೆ, ೧೬೧೭ರಲ್ಲಿ, ಜಹಾಂಗೀರ ಬಾದಶಹನು ಅದನ್ನು ನಿಷೇಧಿಸಬೇಕಾಯಿತು. ನಿಷೇಧವು ನಿಲ್ಲಲಿಲ್ಲ, ತಂಬಾಕು ನಿಂತಿತು. ಒಳಹೊಕ್ಕ ಬಳಿಕ ಅಪ್ಪಣೆಯಿಂದಲೇ ಹೊರಗೆ ಹೋಗುವ ವಸ್ತು ಇದಲ್ಲವೆಂಬದು ಅಂದಿನಿಂದಲೂ ಸ್ಪಷ್ಟವಾಗಿದೆ.

ಹಾಗೆ ಹೋಗದಿರಲು ಕಾರಣವೇನು? ತಂಬಾಕಿನ ಎಲೆಯಲ್ಲಿ ನಿಕೋಟಿನು ಎಂಬ ಸತ್ತ್ವವಿರುವದು. ೧೮೨೮ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಇಬ್ಬರು ವಿದ್ವಾಂಸರು ಅದನ್ನು ಮೊದಲು ಬೇರ್ಪಡಿಸಿ ತೋರಿಸಿದರು. ಹೊಗೆಯನ್ನು ಎಳೆದ ಹತ್ತು ಇಪ್ಪತ್ತು ಸೆಕೆಂಡುಗಳಲ್ಲಿ ಅದು ಪುಪ್ಪುಸದಿಂದ ರಕ್ತಕ್ಕೆ, ರಕ್ತದಿಂದ ಮೆದುಳಿಗೆ ತಲುಪಿ ಕ್ಷಣಿಕವಾದ ಒಂದು ಸಮಾಧಾನವನ್ನು ಹುಟ್ಟಿಸುವದು. ಒಂದು ಸಿಗರೇಟಿಗೆ ಹತ್ತು ಸಲವೇ ಎಳೆಯುವನೆಂದು ಹಿಡಿದರೂ ದಿನಕ್ಕೆ ಇಪ್ಪತ್ತು ಸೇದುವವನು ೨೦೦ ಸಲ, ವರುಷಕ್ಕೆ ೭೩,೦೦೦ ಸಲ, ಮೂವತ್ತು ವರುಷಗಳಲ್ಲಿ ೨೧,೯೦,೦೦೦ ಸಲ ಈ ಪಾಠವನ್ನು ಮೆದುಳಿಗೆ ಕಲಿಸಿರುತ್ತಾನೆ. ಇಷ್ಟು ಸಲ ಆವರ್ತನೆ ಮಾಡಿದ ಪಾಠವು ಮರೆಯುವದುಂಟೆ? ಅದೂ ಅಲ್ಲದೆ ರಕ್ತದಲ್ಲಿಯ ನಿಕೋಟಿನು ಸುಮಾರು ಎರಡು ತಾಸುಗಳಿಗೊಮ್ಮೆ ಅರ್ಧಕ್ಕೆ ಇಳಿಯುವದು. ರಾತ್ರಿಯೆಲ್ಲ ನಿದ್ರಿಸಿ ಎದ್ದಾಗ ಅದು ಬಹುಮಟ್ಟಿಗೆ ಬರಿದಾಗಿರುವದು. ಆದಕಾರಣವೇ ಬಲವಾಗಿ ಸೇದುವವನ ಕೈ ಮುಖ ತೊಳೆಯುವದಕ್ಕಿಂತ ಮೊದಲೇ ಕಡ್ಡಿಪೆಟ್ಟಿಗೆಯನ್ನು ಹುಡುಕುವದು.

ಇಲ್ಲಿ ಒಂದು ಭೇದವನ್ನು ಚೆನ್ನಾಗಿ ಮನದಂದು ಮುಂದಿನ ಮಾತನ್ನು ಕೇಳಬೇಕು. ಮನುಷ್ಯನನ್ನು ಕಟ್ಟಿಹಾಕುವದು ನಿಕೋಟಿನು. ಮನುಷ್ಯನನ್ನು ಕೊಲ್ಲುವದು ಬಹುಮಟ್ಟಿಗೆ ಹೊಗೆ. ಉರಿಯುವ ತಂಬಾಕಿನ ಹೊಗೆಯಲ್ಲಿ ಏಳು ಸಾವಿರಕ್ಕೂ ಮಿಕ್ಕಿದ ದ್ರವ್ಯಗಳಿರುವವು. ಅವುಗಳಲ್ಲಿ ಸುಮಾರು ಎಪ್ಪತ್ತು ಕ್ಯಾನ್ಸರ್ ರೋಗವನ್ನು ಹುಟ್ಟಿಸತಕ್ಕವು. ಅದೇ ಹೊಗೆಯಲ್ಲಿಯ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯುವು ಪ್ರಾಣವಾಯುವಿಗಿಂತ ಇನ್ನೂರು ಪಟ್ಟಿಗೂ ಹೆಚ್ಚಿನ ಬಲದಿಂದ ರಕ್ತವನ್ನು ಹಿಡಿದುಕೊಂಡು, ಹೃದಯಕ್ಕೆ ಸಲ್ಲಬೇಕಾದ ಪ್ರಾಣವಾಯುವನ್ನು ತಡೆಯುವದು. ಬೀಡಿಯು ಎಲೆಯಲ್ಲಿ ಸುತ್ತಿದ್ದು, ಕಾಗದವಿಲ್ಲದ್ದು, ಆದುದರಿಂದ ಸೌಮ್ಯವೆಂದು ತಿಳಿಯುವದು ದೊಡ್ಡ ತಪ್ಪು. ಬೀಡಿಯ ಎಲೆಯಲ್ಲಿ ಗಾಳಿಯಾಡುವದು ಕಡಿಮೆ. ಅದು ನಂದದಿರಬೇಕಾದರೆ ಮೇಲಿಂದ ಮೇಲೆ ಬಲವಾಗಿ ಎಳೆಯಬೇಕು. ಆ ಮೂಲಕ ವಿಷವು ಒಳಗೆ ಹೋಗುವದೂ ಹೆಚ್ಚೇ.

ಬಿಟ್ಟರೆ ಏನಾಗುವದು? ಕೊನೆಯ ಸಿಗರೇಟಿನ ಕೆಲವು ತಾಸುಗಳೊಳಗೇ ದೇಹವು ತನ್ನ ವಾಡಿಕೆಯ ಪಾಲನ್ನು ಕೇಳತೊಡಗುವದು. ಸಿಡುಕು, ಚಡಪಡಿಕೆ, ಕಾರಣವಿಲ್ಲದ ದುಗುಡ, ಕೆಲಸದಲ್ಲಿ ಮನಸ್ಸು ನಿಲ್ಲದಿರುವದು, ನಿದ್ರಾಭಂಗ, ಅತಿಯಾದ ಹಸಿವು, ಮಲಬದ್ಧತೆ, ಕೆಲವರಿಗೆ ಬಾಯಲ್ಲಿ ಹುಣ್ಣು, ಇವೆಲ್ಲ ಅದರ ಲಕ್ಷಣಗಳು. ಎರಡನೆಯ ಮೂರನೆಯ ದಿನಗಳಲ್ಲಿ ಇವು ಶಿಖರಕ್ಕೇರುವವು; ಅನಂತರ ಇಳಿಯುತ್ತ ಎರಡರಿಂದ ನಾಲ್ಕು ವಾರಗಳಲ್ಲಿ ಬಹುತರವಾಗಿ ಶಮನವಾಗುವವು. ನಡುನಡುವೆ ಭುಗಿಲೆಂದು ಏಳುವ ಸೇದಬೇಕೆಂಬ ಹಂಬಲವು ಮಾತ್ರ ಕೆಲವೇ ನಿಮಿಷಗಳದ್ದು. ಸೇದಿದರೂ ಅದು ಹೋಗುವದು, ಸೇದದಿದ್ದರೂ ಹೋಗುವದು. ಈ ತೊಂದರೆಗಳು ಎಷ್ಟೇ ಕಠಿಣವೆಂದು ತೋರಿದರೂ ತಂಬಾಕನ್ನು ಬಿಟ್ಟದ್ದರಿಂದಲೇ ಪ್ರಾಣಕ್ಕೆ ಅಪಾಯವಾಗುವದಿಲ್ಲ. ಮೂವತ್ತು ವರುಷದ ರೂಢಿಯನ್ನು ಬಿಟ್ಟರೆ ದೇಹ ಕೆಡುವದೆಂದು ಹೇಳಿ ಮತ್ತೆ ಬೀಡಿಯನ್ನು ಕೈಗೆ ಕೊಡುವ ಗೆಳೆಯರ ಮಾತು ಸುಳ್ಳು.

ವಯಸ್ಸಾಯಿತು, ಆಗಬೇಕಾದದ್ದು ಆಗಿಹೋಯಿತು, ಇನ್ನು ಬಿಟ್ಟು ಫಲವೇನು ಎಂಬ ನಿರಾಶೆಯೂ ಅಷ್ಟೇ ಸುಳ್ಳು. ಇಂಗ್ಲೆಂಡಿನ ರಿಚರ್ಡ್ ಡಾಲ್ ಎಂಬ ವೈದ್ಯನೂ ಆತನ ಸಂಗಡಿಗರೂ ೧೯೫೧ರಿಂದ ಐವತ್ತು ವರುಷಗಳ ಪರ್ಯಂತ ಅಲ್ಲಿಯ ವೈದ್ಯರ ಆಯುಷ್ಯವನ್ನೇ ಲೆಕ್ಕವಿಟ್ಟು ನೋಡಿ, ೨೦೦೪ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಬಿಡದೆ ಸೇದಿದವರು ಸೇದದವರಿಗಿಂತ ಸರಾಸರಿ ಹತ್ತು ವರುಷ ಮೊದಲೇ ತೀರಿಹೋದರು. ಮೂವತ್ತನೆಯ ವಯಸ್ಸಿನಲ್ಲಿ ಬಿಟ್ಟವರು ಆ ಹತ್ತು ವರುಷಗಳನ್ನೂ, ನಾಲ್ವತ್ತರಲ್ಲಿ ಬಿಟ್ಟವರು ಒಂಬತ್ತನ್ನೂ, ಐವತ್ತರಲ್ಲಿ ಬಿಟ್ಟವರು ಆರನ್ನೂ, ಅರುವತ್ತರಲ್ಲಿ ಬಿಟ್ಟವರು ಮೂರನ್ನೂ ಮರಳಿ ಪಡೆದರು. ಅರುವತ್ತರ ಮುದುಕನಿಗೆ ಮೂರು ವರುಷವೆಂದರೆ ಮೊಮ್ಮಗಳ ಮದುವೆಯನ್ನು ಕಣ್ಣಾರೆ ಕಾಣುವ ಭಾಗ್ಯವಾಗಬಹುದು. ಬಿಟ್ಟ ದಿನಗಳಲ್ಲಿಯೇ ರಕ್ತದಲ್ಲಿಯ ವಿಷವಾಯು ಕಳೆದುಹೋಗುವದು. ತಿಂಗಳುಗಳಲ್ಲಿ ಕೆಮ್ಮು ಏದುಸಿರು ತಗ್ಗುವವು. ವರುಷವೊಂದರಲ್ಲಿ ಹೃದ್ರೋಗದ ಹೆಚ್ಚಿನ ಭಯವು ಅರ್ಧಕ್ಕೆ ಇಳಿಯುವದು. ಹತ್ತು ವರುಷಗಳಲ್ಲಿ ಪುಪ್ಪುಸದ ಕ್ಯಾನ್ಸರಿನ ಭಯವೂ ಸುಮಾರು ಅರ್ಧವಾಗುವದು.

ಹಾಗಾದರೆ ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡಿ ದಿನಕ್ಕೆ ಒಂದೆರಡರಲ್ಲಿ ನಿಲ್ಲಿಸಿಕೊಂಡರೆ ಸಾಲದೆ? ಸಾಲದು. ೨೦೧೮ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಮರ್ಶೆಯಂತೆ, ದಿನಕ್ಕೆ ಇಪ್ಪತ್ತು ಸಿಗರೇಟುಗಳಿಂದ ಹೃದಯಕ್ಕೆ ಉಂಟಾಗುವ ಹೆಚ್ಚಿನ ಅಪಾಯದಲ್ಲಿ ಸುಮಾರು ಅರ್ಧದಷ್ಟು ದಿನಕ್ಕೆ ಒಂದೇ ಸಿಗರೇಟಿನಿಂದಲೂ ಉಂಟಾಗುವದು. ಅದೂ ಅಲ್ಲದೆ ಸಂಖ್ಯೆಯನ್ನು ತಗ್ಗಿಸಿದವನು ತನಗರಿವಿಲ್ಲದೆಯೇ ಉಳಿದವನ್ನು ಆಳವಾಗಿ, ತುದಿಯವರೆಗೆ ಎಳೆಯುವನು. ಹೊಗೆಯಲ್ಲಿ ಮಿತಾಚಾರವೆಂಬದು ಇಲ್ಲ.

ಇಲ್ಲಿ ಪಂಡಿತರಾದವರು ಒಂದು ಆಕ್ಷೇಪವನ್ನು ಎತ್ತಬಹುದು. ಅಭ್ಯಾಸವಾಗಿಹೋದ ಅಪಥ್ಯವನ್ನು ಒಮ್ಮೆಲೆ ಬಿಟ್ಟರೆ ವಿಕಾರಗಳು ಹುಟ್ಟುವವು. ಆದುದರಿಂದ ಅದನ್ನು ಕಾಲು ಕಾಲು ಭಾಗವಾಗಿ ಬಿಡುತ್ತ, ಬಿಟ್ಟ ಸ್ಥಾನದಲ್ಲಿ ಹಿತವಾದದ್ದನ್ನು ಅಷ್ಟಷ್ಟೇ ತುಂಬುತ್ತ ಹೋಗಬೇಕೆಂದು ಚರಕಸಂಹಿತೆಯ ಸೂತ್ರಸ್ಥಾನವೂ ವಾಗ್ಭಟನ ಅಷ್ಟಾಂಗಹೃದಯವೂ ವಿಧಿಸಿರುವವು. ಇದಕ್ಕೆ ಪಾದಾಂಶಿಕ ಕ್ರಮವೆಂದು ಹೆಸರು. ಇತ್ತ ಈಚಿನ ಪರೀಕ್ಷೆಯು ಬೇರೆಯಾಗಿ ಹೇಳುವದು. ಇಂಗ್ಲೆಂಡಿನಲ್ಲಿ ಸುಮಾರು ೭೦೦ ಜನ ಸೇದುವವರನ್ನು ಎರಡು ಪಂಗಡ ಮಾಡಿ, ಒಂದು ಪಂಗಡದವರು ಎರಡು ವಾರಗಳಲ್ಲಿ ಕ್ರಮೇಣ ತಗ್ಗಿಸಿ ಬಿಡುವಂತೆಯೂ, ಇನ್ನೊಂದು ಪಂಗಡದವರು ಗೊತ್ತುಮಾಡಿದ ದಿನ ಒಮ್ಮೆಲೆ ಬಿಡುವಂತೆಯೂ ಏರ್ಪಡಿಸಿ ನೋಡಿದರು. ೨೦೧೬ರಲ್ಲಿ ಪ್ರಕಟವಾದ ಅದರ ಫಲದಂತೆ, ನಾಲ್ಕು ವಾರಗಳ ತರುವಾಯ ಒಮ್ಮೆಲೆ ಬಿಟ್ಟವರಲ್ಲಿ ನೂರಕ್ಕೆ ೪೯ ಜನರೂ, ಕ್ರಮೇಣ ಬಿಟ್ಟವರಲ್ಲಿ ನೂರಕ್ಕೆ ೩೯ ಜನರೂ ಸೇದದೆ ಉಳಿದಿದ್ದರು. ಆರು ತಿಂಗಳ ಬಳಿಕವೂ ಮೊದಲಿನವರೇ ಮೇಲಾಗಿದ್ದರು.

ಹಾಗಾದರೆ ಪೂರ್ವಾಚಾರ್ಯರ ಮಾತು ಸುಳ್ಳಾಯಿತೆ? ಆಗಲಿಲ್ಲ. ಆ ಪರೀಕ್ಷೆಯಲ್ಲಿ ಒಮ್ಮೆಲೆ ಬಿಟ್ಟವರೂ ಬಿಟ್ಟದ್ದು ಹೊಗೆಯನ್ನು ಮಾತ್ರ. ನಿಕೋಟಿನನ್ನು ಅವರಿಗೆ ಔಷಧರೂಪವಾಗಿ ಕೊಡಲಾಗಿತ್ತು. ಮೇಲೆ ಹೇಳಿದ ಭೇದವನ್ನು ನೆನೆದರೆ ವಿರೋಧವು ತಾನಾಗಿ ಪರಿಹಾರವಾಗುವದು. ಕೊಲ್ಲುವಂಥದನ್ನು ಒಮ್ಮೆಲೆ ಬಿಡತಕ್ಕದ್ದು. ಕಟ್ಟಿಹಾಕಿದ್ದನ್ನು ಪಾದಪಾದವಾಗಿ ಬಿಚ್ಚತಕ್ಕದ್ದು. ಹೊಗೆಗೆ ಒಂದೇ ದಿನ, ನಿಕೋಟಿನಿಗೆ ಎರಡು ಮೂರು ತಿಂಗಳು. ಇದೇ ಧೂಮಪಾನತ್ಯಾಗದ ಕ್ರಮದ ಸಾರವು.

ಯಾವ ನೆರವೂ ಇಲ್ಲದೆ, ಬರಿಯ ಮನೋಬಲದಿಂದ ಬಿಡಲು ಯತ್ನಿಸಿದವರಲ್ಲಿ ಒಂದೊಂದು ಯತ್ನಕ್ಕೆ ನೂರಕ್ಕೆ ಮೂರರಿಂದ ಐದು ಜನರು ಮಾತ್ರ ಆರು ತಿಂಗಳು ವರುಷ ನಿಲ್ಲುತ್ತಾರೆ. ನಿಕೋಟಿನಿನ ಔಷಧವನ್ನು ಉಪಯೋಗಿಸಿದರೆ ಜಯದ ಸಂಭವವು ಸುಮಾರು ಒಂದೂವರೆ ಪಟ್ಟಾಗುವದು. ಆ ಔಷಧವು ಚರ್ಮಕ್ಕೆ ಅಂಟಿಸುವ ಪಟ್ಟಿಯ ರೂಪದಲ್ಲಿಯೂ, ಅಗಿಯುವ ಅಂಟಿನ ರೂಪದಲ್ಲಿಯೂ ದೊರೆಯುವದು. ಪಟ್ಟಿಯು ದಿನಕ್ಕೊಂದು, ದಿನಾಲು ಚರ್ಮದ ಬೇರೆ ಬೇರೆ ಜಾಗದಲ್ಲಿ ಅಂಟಿಸಬೇಕು. ಬಲವಾಗಿ ಸೇದುತ್ತಿದ್ದವನಿಗೆ ಸಾಧಾರಣವಾಗಿ ೨೧ ಮಿಲಿಗ್ರಾಮಿನಿಂದ ಆರಂಭಿಸಿ, ಕೆಲವು ವಾರಗಳ ಮೇಲೆ ೧೪ಕ್ಕೆ, ಅನಂತರ ೭ಕ್ಕೆ ಇಳಿಸಿ ನಿಲ್ಲಿಸುವರು. ಪಾದಾಂಶಿಕ ಕ್ರಮವೆಂದರೆ ಇದಲ್ಲದೆ ಮತ್ತೇನು?

ಅಗಿಯುವ ಅಂಟು ೨ ಮತ್ತು ೪ ಮಿಲಿಗ್ರಾಮಿನವೆಂದು ಎರಡು ಬಗೆ. ಎದ್ದ ಅರ್ಧ ತಾಸಿನೊಳಗೆ ಸೇದುವವನಿಗೆ ದೊಡ್ಡದು ಬೇಕಾಗುವದು. ಇದನ್ನು ಎಲೆ ಅಡಿಕೆಯಂತೆ ಎಡೆಬಿಡದೆ ಅಗಿಯಕೂಡದು. ಮೆಲ್ಲಗೆ ಕೆಲವು ಸಲ ಅಗಿದು, ನಾಲಿಗೆಗೆ ಮೆಣಸಿನಂಥ ಚುರುಕು ತಾಕಿದೊಡನೆ ಗಲ್ಲಕ್ಕೂ ಒಸಡಿಗೂ ನಡುವೆ ಇಟ್ಟುಕೊಳ್ಳಬೇಕು. ಚುರುಕು ಆರಿದ ಮೇಲೆ ಮತ್ತೆ ಅಗಿದು ಮತ್ತೊಂದು ಮಗ್ಗುಲಿಗೆ ಇಡಬೇಕು. ಹೀಗೆ ಅರ್ಧ ತಾಸು. ಅವಸರದಿಂದ ಅಗಿದು ರಸವನ್ನು ನುಂಗಿದರೆ ಬಿಕ್ಕಳಿಕೆ, ಹೊಟ್ಟೆಯುರಿ ಬರುವವಲ್ಲದೆ ಔಷಧವೂ ವ್ಯರ್ಥ. ಅದನ್ನು ಬಾಯಿಗೆ ಹಾಕುವ ಕಾಲು ತಾಸು ಮುಂಚೆಯೂ, ಬಾಯಲ್ಲಿರುವಾಗಲೂ ಕಾಫಿ, ಚಹ, ಹುಳಿಹಣ್ಣಿನ ಪಾನಕ ಕೂಡದು. ಅವುಗಳ ಹುಳಿಯಿಂದ ಔಷಧವು ಬಾಯಲ್ಲಿ ಹೀರಿಕೊಳ್ಳುವದಿಲ್ಲ. ಪಟ್ಟಿಯೂ ಅಂಟೂ ಎರಡನ್ನೂ ಕೂಡಿ ಉಪಯೋಗಿಸಿದರೆ ಫಲವು ಒಂದರದಕ್ಕಿಂತ ಅಧಿಕವೆಂದು ಕಂಡುಬಂದಿದೆ. ಎರಡನ್ನೂ ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಇವಲ್ಲದೆ ವ್ಯಾರೆನಿಕ್ಲಿನ್, ಬ್ಯುಪ್ರೊಪಿಯಾನ್ ಎಂಬ ಗುಳಿಗೆಗಳಿರುವವು. ಇವನ್ನು ಬಿಡುವ ದಿನಕ್ಕೆ ಒಂದೆರಡು ವಾರ ಮೊದಲೇ ಆರಂಭಿಸತಕ್ಕದ್ದು. ವೈದ್ಯನ ಚೀಟಿಯಿಲ್ಲದೆ ತೆಗೆದುಕೊಳ್ಳಕೂಡದು. ಅಪಸ್ಮಾರವುಳ್ಳವರಿಗೆ ಬ್ಯುಪ್ರೊಪಿಯಾನು ಸರ್ವಥಾ ವರ್ಜ್ಯವು. ಮೂತ್ರಪಿಂಡದ ರೋಗವುಳ್ಳವರಿಗೆ ವ್ಯಾರೆನಿಕ್ಲಿನಿನ ಪ್ರಮಾಣವನ್ನು ವೈದ್ಯನೇ ಗೊತ್ತುಮಾಡಬೇಕು.

ಬೀಡಿಯನ್ನು ಬಿಟ್ಟು ತಂಬಾಕಿನ ಎಲೆಯನ್ನು ದವಡೆಗಿಟ್ಟುಕೊಳ್ಳುವದು, ನಶ್ಯ, ಗುಟಕಾಗಳಿಗೆ ಶರಣು ಹೋಗುವದು ತ್ಯಾಗವಲ್ಲ. ಅದು ಕ್ಯಾನ್ಸರನ್ನು ಪುಪ್ಪುಸದಿಂದ ಬಾಯಿಗೆ ಕರೆದಂತೆ. ವಿದ್ಯುತ್ತಿನಿಂದ ನಡೆಯುವ ಸಿಗರೇಟುಗಳನ್ನಂತೂ ಭಾರತ ಸರಕಾರವು ೨೦೧೯ರಲ್ಲಿ ಕಾಯಿದೆಯಿಂದಲೇ ನಿಷೇಧಿಸಿದೆ.

ಇನ್ನು ಅತಿ ಮುಖ್ಯವಾದ, ಆದರೆ ಬಹು ಜನರಿಗೆ ತಿಳಿಯದ ಎಚ್ಚರಿಕೆಗಳು. ತಂಬಾಕನ್ನು ಬಿಡುವದರಲ್ಲಿ ಅಪಾಯವಿಲ್ಲವೆಂದು ಹೇಳಿತಷ್ಟೆ. ಆದರೆ ಬಿಟ್ಟವನು ಸೇವಿಸುತ್ತಿರುವ ಬೇರೆ ಔಷಧಗಳಿಂದ ಅಪಾಯವಾಗಬಹುದು. ಯಾತಕ್ಕೆಂದರೆ, ಹೊಗೆಯಲ್ಲಿಯ ಡಾಂಬರಿನಂಥ ದ್ರವ್ಯಗಳು ಯಕೃತ್ತನ್ನು ಚುರುಕುಗೊಳಿಸಿ ಕೆಲವು ಔಷಧಗಳನ್ನು ಅದು ಬೇಗ ಬೇಗ ಕರಗಿಸುವಂತೆ ಮಾಡಿರುವವು. ಆ ವೇಗಕ್ಕೆ ಸರಿಯಾಗಿ ವೈದ್ಯನು ಔಷಧವನ್ನು ಹೆಚ್ಚಾಗಿಯೇ ಕೊಟ್ಟಿರುವನು. ಹೊಗೆ ನಿಂತರೆ ಕೆಲವೇ ದಿನಗಳಲ್ಲಿ ಯಕೃತ್ತು ತನ್ನ ಸಹಜ ಗತಿಗೆ ಬರುವದು. ಮೊದಲಿನ ಪ್ರಮಾಣವೇ ಈಗ ಅತಿಯಾಗುವದು. ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್, ಮಾನಸಿಕ ರೋಗಗಳಿಗೆ ಕೊಡುವ ಕ್ಲೊಜಪಿನ್ ಮತ್ತು ಒಲಾನ್ಝಪಿನ್ ಇವು ಈ ವರ್ಗದವು. ಥಿಯೋಫಿಲಿನ್ ಹೆಚ್ಚಾದರೆ ವಾಂತಿ, ನಡುಕ, ಎದೆಬಡಿತ, ಕೊನೆಗೆ ಸೆಳವು ಕೂಡ ಬರಬಹುದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರು ರಕ್ತಪರೀಕ್ಷೆಯನ್ನು ಮತ್ತೆ ಮಾಡಿಸಿಕೊಳ್ಳಬೇಕು. ಮಧುಮೇಹಿಗಳಲ್ಲಿ ಇನ್ಸುಲಿನಿನ ಪ್ರಭಾವವು ಹೆಚ್ಚಬಹುದು, ಇಲ್ಲವೆ ಹಸಿವು ಹೆಚ್ಚಿ ಸಕ್ಕರೆಯೇ ಏರಬಹುದು. ಆದುದರಿಂದ ಆ ವಾರಗಳಲ್ಲಿ ಪರೀಕ್ಷೆಯು ಪದೇ ಪದೇ ನಡೆಯಬೇಕು. ನಿಕೋಟಿನಿನ ಪಟ್ಟಿ ಅಂಟುಗಳಿಂದ ಯಕೃತ್ತಿನ ಈ ಬದಲಾವಣೆಯು ತಪ್ಪುವದಿಲ್ಲ. ಅದಕ್ಕೆ ಕಾರಣವು ಹೊಗೆಯೇ ಹೊರತು ನಿಕೋಟಿನಲ್ಲ. ಆದರೆ ಯಾರೂ ತಮ್ಮ ಔಷಧವನ್ನು ತಾವೇ ಕಡಿಮೆ ಮಾಡಿಕೊಳ್ಳಬಾರದು. ಬಿಡುವ ದಿನವನ್ನು ವೈದ್ಯನಿಗೆ ಮುಂಚಿತವಾಗಿ ತಿಳಿಸುವದಷ್ಟೇ ರೋಗಿಯ ಕರ್ತವ್ಯ.

ಕಾಫಿಯ ಸಂಗತಿಯೂ ಹೀಗೆಯೇ. ಅದರಲ್ಲಿಯ ಕೆಫೀನನ್ನು ಕರಗಿಸುವದೂ ಯಕೃತ್ತಿನ ಅದೇ ಶಕ್ತಿ. ಸೇದುವದನ್ನು ಬಿಟ್ಟವನು ದಿನಕ್ಕೆ ಆರು ಬಟ್ಟಲು ಕುಡಿಯುವ ರೂಢಿಯನ್ನು ಹಾಗೆಯೇ ಇಟ್ಟುಕೊಂಡರೆ, ಆ ಆರರ ಪರಿಣಾಮವು ಹತ್ತು ಹನ್ನೆರಡರಷ್ಟಾಗಬಹುದು. ಕೈನಡುಕ, ಎದೆಬಡಿತ, ನಿದ್ರೆ ಬಾರದಿರುವದು ಇವುಗಳನ್ನು ಆತನು ಬೀಡಿ ಬಿಟ್ಟದ್ದರ ಫಲವೆಂದು ತಿಳಿದು ಮತ್ತೆ ಬೀಡಿಗೆ ಹೋಗುವನು, ತಪ್ಪು ಬಟ್ಟಲಿನದು. ಆದಕಾರಣ ಬಿಡುವ ದಿನದಿಂದಲೇ ಕಾಫಿ ಚಹಗಳನ್ನು ಅರ್ಧಕ್ಕೆ ಇಳಿಸುವದು ಲೇಸು.

ದಿನಾಲು ಬಹಳ ಮದ್ಯವನ್ನು ಕುಡಿಯುವವನು ತಂಬಾಕಿನ ಜತೆಗೆ ಅದನ್ನೂ ಒಂದೇ ದಿನ ಮನೆಯಲ್ಲಿಯೇ ಬಿಟ್ಟುಬಿಡಲು ಯತ್ನಿಸಬಾರದು. ಬಿಡಬಾರದೆಂದಲ್ಲ, ಬಹುಕಾಲದ ಮದ್ಯವನ್ನು ಥಟ್ಟನೆ ನಿಲ್ಲಿಸಿದರೆ ಸೆಳವು, ಸನ್ನಿ ಹುಟ್ಟಿ ಪ್ರಾಣಕ್ಕೆ ಬರಬಹುದು, ಅದು ವೈದ್ಯನ ಕಣ್ಣೆದುರಿನಲ್ಲಿ ಆಗತಕ್ಕದ್ದು. ಮೊದಲೊಮ್ಮೆ ಮನೋವ್ಯಾಕುಲತೆಯಿಂದ ನರಳಿದವರೂ, ಗರ್ಭಿಣಿಯರೂ, ಈಚೆಗೆ ಹೃದಯಾಘಾತವಾದವರೂ ಯಾವ ಔಷಧವನ್ನಾದರೂ ವೈದ್ಯನನ್ನು ಕೇಳಿಯೇ ಉಪಯೋಗಿಸಬೇಕು. ದುಗುಡವು ಎರಡು ವಾರವಾದರೂ ಇಳಿಯದೆ ಹೋದರೆ, ಜೀವನವೇ ಬೇಡವೆನಿಸಿದರೆ, ಅದನ್ನು ಬೀಡಿಯ ಹಂಬಲವೆಂದು ಉಪೇಕ್ಷಿಸದೆ ಕೂಡಲೆ ಆಸ್ಪತ್ರೆಗೆ ಕರೆದೊಯ್ಯಬೇಕು. ಬಿಟ್ಟ ಹೊಸದರಲ್ಲಿ ಕೆಲವರಿಗೆ ಕೆಮ್ಮು ಕಫ ಹೆಚ್ಚುವವು. ಶ್ವಾಸನಾಳದ ಸೂಕ್ಷ್ಮವಾದ ರೋಮಗಳು ಮತ್ತೆ ಜೀವ ತಳೆದು ಕಸವನ್ನು ಗುಡಿಸುತ್ತಿರುವ ಗುರುತು ಅದು. ಆದರೆ ಕಫದಲ್ಲಿ ರಕ್ತ, ಎದೆನೋವು, ಮೂರು ವಾರವಾದರೂ ತಿಳಿಯಾಗದ ಗೊಗ್ಗರು ದನಿ, ಮಾಯದ ಬಾಯಿಹುಣ್ಣು ಇವು ಕಂಡರೆ ತಡಮಾಡಕೂಡದು.

ಇನ್ನು ದಿನಚರ್ಯೆ. ಎರಡು ವಾರದೊಳಗಿನ ಒಂದು ದಿನವನ್ನು ಗೊತ್ತುಮಾಡಿಕೊಳ್ಳಬೇಕು. ಮದುವೆ ಮುಂಜಿವೆಗಳ ಗದ್ದಲ, ಸುಗ್ಗಿಯ ದಣಿವು, ಕೋರ್ಟಿನ ವ್ಯಾಜ್ಯ ಇವುಗಳಿಲ್ಲದ ದಿನವಾದರೆ ಉತ್ತಮ. ಹಿಂದಿನ ರಾತ್ರಿಯೇ ಮನೆಯಲ್ಲಿಯ, ಅಂಗಿಯ ಕಿಸೆಯಲ್ಲಿಯ, ಹೊಲದ ಗುಡಿಸಲಲ್ಲಿಯ ಬೀಡಿ ಕಡ್ಡಿಪೆಟ್ಟಿಗೆಗಳನ್ನೆಲ್ಲ ತೆಗೆದುಹಾಕಬೇಕು. ಯಾವ ಯಾವ ಹೊತ್ತಿಗೆ, ಯಾರ ಸಂಗಡ, ಏತರ ತರುವಾಯ ಸೇದುವದೆಂಬದನ್ನು ಒಂದು ವಾರ ಬರೆದಿಟ್ಟುಕೊಂಡರೆ ಶತ್ರುವಿನ ದಾರಿಗಳು ತಿಳಿಯುವವು. ಊಟವಾದೊಡನೆ ಸೇದುವವನು ಊಟವಾದೊಡನೆ ಎದ್ದು ನಡೆಯಲಿ; ಅಂಗಡಿಯ ಕಟ್ಟೆಯ ಮೇಲೆ ಸೇದುವವನು ಕೆಲವು ದಿನ ಬೇರೆ ದಾರಿ ಹಿಡಿಯಲಿ. ಹಂಬಲವೆದ್ದಾಗ ಐದು ನಿಮಿಷ ಮುಂದೂಡುವದು, ಒಂದು ತಂಬಿಗೆ ನೀರನ್ನು ನಿಧಾನವಾಗಿ ಕುಡಿಯುವದು, ದೀರ್ಘವಾಗಿ ಉಸಿರಾಡುವದು, ಕೈಗೊಂದು ಕೆಲಸ ಕೊಡುವದು, ಈ ನಾಲ್ಕು ಉಪಾಯಗಳು ಸಾಕು. ಬಾಯಾಡಿಸಲು ಸೋಂಪು, ಏಲಕ್ಕಿ, ಸೌತೆಕಾಯಿಯ ಹೋಳು ಇರಲಿ. ಬೆಲ್ಲ ಮಿಠಾಯಿಗಳು ಬೇಡ. ಮೊದಲ ವರುಷದಲ್ಲಿ ಸರಾಸರಿ ನಾಲ್ಕೈದು ಕಿಲೋ ತೂಕ ಹೆಚ್ಚುವದುಂಟು. ಅದರಿಂದಾಗುವ ಹಾನಿಯು ಸೇದುವದರ ಹಾನಿಯ ಮುಂದೆ ಅತ್ಯಲ್ಪ. ಮಲಬದ್ಧತೆಗೆ ಸೊಪ್ಪು, ಕಾಳು, ನೀರು, ನಡಿಗೆ ಇವೇ ಔಷಧ. ಶಸ್ತ್ರಚಿಕಿತ್ಸೆಗೆ ಹೋಗುವವರು ನಾಲ್ಕು ವಾರ ಮೊದಲಾದರೂ ಬಿಟ್ಟರೆ ಗಾಯವು ಬೇಗ ಮಾಯುವದು.

ಕೊನೆಯದಾಗಿ ಮನೆಯವರ ಮತ್ತು ಸಮಾಜದ ಕರ್ತವ್ಯ. ಇಳಕಲ್ಲಿನ ಮಹಾಂತ ಶಿವಯೋಗಿಗಳು ೧೯೭೫ರಲ್ಲಿ ಜೋಳಿಗೆಯನ್ನು ಹಿಡಿದು ಮನೆಬಾಗಿಲಿಗೆ ಹೋಗಿ, ಕಾಸು ಕಾಳುಗಳ ಬದಲಾಗಿ ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡತೊಡಗಿದರು. ೨೦೧೮ರಲ್ಲಿ ಅವರು ಲಿಂಗೈಕ್ಯರಾದ ಬಳಿಕ ಅವರ ಜನ್ಮದಿನವಾದ ಆಗಸ್ಟ್ ೧ನ್ನು ಕರ್ನಾಟಕ ಸರಕಾರವು ವ್ಯಸನಮುಕ್ತ ದಿನವೆಂದು ಗೊತ್ತುಮಾಡಿತು. ಆ ಜೋಳಿಗೆಯ ಹಿರಿಮೆಯು ಎಲ್ಲಿದೆಯೆಂಬದನ್ನು ಕಾಣಬೇಕು. ಅದು ಚಟವಿದ್ದವನನ್ನು ಜರೆಯಲಿಲ್ಲ, ಆತನ ಮುಂದೆ ಕೈ ಒಡ್ಡಿತು. ಸೇದುವವನನ್ನು ಅಪರಾಧಿಯನ್ನಾಗಿ ಮಾಡದೆ ದಾನಿಯನ್ನಾಗಿ ಮಾಡಿತು. ಬೀಡಿಯ ಕಟ್ಟನ್ನು ಜೋಳಿಗೆಗೆ ಹಾಕಿ ಮನೆಗೆ ಹೋದವನಿಗೆ ಮರುದಿನ ಬೆಳಗಾಗುವದಷ್ಟೆ. ಎರಡನೆಯ ಮೂರನೆಯ ದಿನದ ಆ ಶಿಖರದಲ್ಲಿ ಆತನ ಬಳಿಯಲ್ಲಿ ಯಾರಿರುವರು? ಅಲ್ಲಿ ಬೇಕಾದದ್ದು ಔಷಧ, ತಾಳ್ಮೆ, ಜತೆ.

ಕೆಲವು ಮನೆಗಳಲ್ಲಿ ಮಕ್ಕಳ ತಲೆಯ ಮೇಲೆ ಕೈಯಿರಿಸಿ ಆಣೆ ಮಾಡಿಸುವ ಪದ್ಧತಿಯಿದೆ. ಅದರ ಹಿಂದಿನ ಪ್ರೀತಿ ದೊಡ್ಡದು. ಆದರೆ ಪರಿಣಾಮವು ಹಲವು ಸಲ ವಿಪರೀತವಾಗುವದು. ಯಾವ ನೆರವೂ ಇಲ್ಲದೆ ಆಣೆ ಮಾಡಿದವನು ಮೂರನೆಯ ದಿನ ಸೋತರೆ, ಬೀಡಿಯ ಪಾಪಕ್ಕೆ ಆಣೆ ಮುರಿದ ಭೀತಿಯೂ ಕೂಡಿಕೊಳ್ಳುವದು. ಆತನು ಮರೆಯಲ್ಲಿ ಸೇದುವನು, ಮನೆಯವರಿಗೆ ಬಿಟ್ಟೆನೆನ್ನುವನು, ವೈದ್ಯನಿಗೂ ಬಿಟ್ಟೆನೆನ್ನುವನು. ವೈದ್ಯನು ಆ ಮಾತನ್ನು ನಂಬಿ ಔಷಧದ ಪ್ರಮಾಣವನ್ನು ಬದಲಿಸುವನು. ನಾಚಿಕೆಯಿಂದ ಹುಟ್ಟಿದ ಒಂದು ಸುಳ್ಳು ಹೀಗೆ ಪ್ರಾಣಸಂಕಟಕ್ಕೆ ಎಡೆಮಾಡುವದು. ಆದುದರಿಂದ ತಾಯಿಯಾಗಲಿ, ಮಡದಿಯಾಗಲಿ, ಮಗನಾಗಲಿ ಮೊದಲು ಕೊಡಬೇಕಾದ ಅಭಯವು ಇದು: ಸೋತರೂ ಹೇಳು, ಬೈಯುವದಿಲ್ಲ. ಬಿಟ್ಟ ಮೊದಲ ವಾರಗಳ ಸಿಡುಕನ್ನು ಜ್ವರ ಬಂದವನ ಕನವರಿಕೆಯಂತೆ ಎಣಿಸಿ ಸಹಿಸಬೇಕು.

ಒಂದು ದಿನ ಒಂದು ಬೀಡಿ ಸೇದಿದ್ದು ಎಡವಿದಂತೆ. ಎಡವಿದವನು ಎದ್ದು ಮುಂದೆ ನಡೆಯಬೇಕಲ್ಲದೆ ಊರಿಗೆ ಹಿಂದಿರುಗಬಾರದು. ಆ ಬೀಡಿಯನ್ನು ಯಾರು ಕೊಟ್ಟರು, ಯಾವ ಹೊತ್ತು, ಮನಸ್ಸು ಹೇಗಿತ್ತು ಎಂಬದನ್ನು ವಿಚಾರಿಸಿ ಆ ದಾರಿಗೆ ಬೇಲಿ ಕಟ್ಟಬೇಕು. ಕಡೆಗೆ ಬಿಟ್ಟು ಜಯಶಾಲಿಗಳಾದವರಲ್ಲಿ ಬಹು ಜನರು ಮೊದಲ ಯತ್ನದಲ್ಲಿಯೇ ಜಯಿಸಿದವರಲ್ಲ. ಹಲವು ಸಲ ಸೋತು, ಸೋಲಿನಿಂದ ಕಲಿತವರು. ಕೇಳುವವರು ಹತ್ತಿರ ಯಾರೂ ಇಲ್ಲದವರು ೧೮೦೦-೧೧-೨೩೫೬ ಎಂಬ ರಾಷ್ಟ್ರೀಯ ದೂರವಾಣಿಗೆ ವೆಚ್ಚವಿಲ್ಲದೆ ಮಾತನಾಡಿ ಸಲಹೆ ಪಡೆಯಬಹುದು. ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಇದಕ್ಕಾಗಿಯೇ ಕೇಂದ್ರಗಳಿರುವವು.

ಹೀಗೆ ಹೊಗೆಯನ್ನು ಒಂದು ದಿನದಲ್ಲಿ ಬಿಡುವದು, ನಿಕೋಟಿನನ್ನು ಪಾದಪಾದವಾಗಿ ಇಳಿಸುವದು, ತಾನು ಸೇವಿಸುವ ಔಷಧಗಳನ್ನು ವೈದ್ಯನಿಗೆ ಮರೆಮಾಜದೆ ಹೇಳುವದು, ಮನೆಯವರು ಜರೆಯದೆ ಜತೆಗಿರುವದು, ಈ ನಾಲ್ಕೂ ಕೂಡಿದಲ್ಲಿ ಮೂವತ್ತು ವರುಷದ ಕಟ್ಟು ಕೂಡ ಬಿಚ್ಚುವದು. ಈ ಮಾತುಗಳನ್ನು ಕೇಳಿದವರಲ್ಲಿ ಸೇದುವವರು ಒಂದು ದಿನವನ್ನು ಗೊತ್ತುಮಾಡಿಕೊಳ್ಳಲಿ. ಸೇದದವರು ಸೇದುವ ಒಬ್ಬರ ಮೂರನೆಯ ದಿನಕ್ಕೆ ಜತೆಯಾಗಲಿ. ಸರ್ವರಿಗೂ ಆರೋಗ್ಯವುಂಟಾಗಲಿ.